ಲಾರ್ನಕಾದಲ್ಲೊಂದು ತಿಮ್ಮಯ್ಯ ರಸ್ತೆ: ನಡುವೆ ಬಂದು ನಿಂತವರಿಂದ ಏನಾಯಿತು?

ಸಮುದ್ರದಾಚೆ:
ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವಳು. ಎರಡು ವರ್ಷದಿಂದ ಸೈಪ್ರಸ್ ದೇಶದ ಲಾರ್ನಕಾದಲ್ಲಿದ್ದೇನೆ. ವಯಸ್ಸಾದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಇಲ್ಲಿ ಅಜ್ಜಿಗೆ ಯಾಯಾ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಅವರ ಮಾತ್ರೆ ತರಲು ಹೋಗುವಾಗ ಒಂದು ದೊಡ್ಡ ರಸ್ತೆ ದಾಟಬೇಕು. ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಸ್ಟ್ರಾಟಿಗು ತಿಮಾಗಿಯಾ' ಅಂತ ಇದೆ. ಜನ ಬಾಯಲ್ಲಿ ಅನ್ನುವುದು 'ತಿಮಾಯಾ'. ಯಾರೋ ಗ್ರೀಕ್ ಸಂತರ ಹೆಸರಿರಬೇಕು ಅಂತಲೇ ನಾನು ತಿಳಿದಿದ್ದೆ. ಹೋದ ವಾರ ಯಾಯಾನೇ ಹೇಳಿದರು, "ಅದು ನಿಮ್ಮ ದೇಶದವರ ಹೆಸರು. ಸ್ಟ್ರಾಟಿಗೋಸ್ ಅಂದರೆ ಜನರಲ್." ಆಗ ಹೊಳೆಯಿತು. ನಮ್ಮ ಜನರಲ್ ತಿಮ್ಮಯ್ಯ! ರಸ್ತೆಯಲ್ಲಿ ನಿಂತು ಆ ಬೋರ್ಡನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಆದರೆ ಯಾಯಾ ಆಮೇಲೆ ಹೇಳಿದ ಮಾತು ತಲೆಯಲ್ಲೇ ಉಳಿದಿದೆ. "ಒಳ್ಳೆಯವರು ಬಂದರು, ನಡುವೆ ನಿಂತರು. ಆದರೂ 1974ರಲ್ಲಿ ನನ್ನ ಅಣ್ಣ ಮನೆಗೆ ಬರಲಿಲ್ಲ." ಅವರ ಊರು ಈಗ ದ್ವೀಪವನ್ನು ಎರಡು ಮಾಡಿದ ಗೆರೆಯ ಆ ಕಡೆ, ಉತ್ತರದಲ್ಲಿದೆ.

ತಿಮ್ಮಯ್ಯನವರು ಇಲ್ಲಿ ಏನು ಮಾಡಿದರು? ವಿಶ್ವಸಂಸ್ಥೆ ಅಷ್ಟು ವರ್ಷ ಇಲ್ಲಿದ್ದು ಏನಾಯಿತು? ತಿಳಿದವರು ಹೇಳಿ. ಯಾಯಾಗೆ ಏನಾದರೂ ಉತ್ತರ ಕೊಡಬೇಕು ಅನ್ನಿಸುತ್ತಿದೆ.

ಕೊಡಗಿನ ಮಳೆ:
ಅಕ್ಕ, ನಿಮ್ಮ ಪೋಸ್ಟ್ ನೋಡಿ ಮೈ ಜುಂ ಎಂದಿತು. ನಾನು ಮಡಿಕೇರಿಯವನು. ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ. 2021ರಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದರು. ಊರಿಗೆ ಬಂದಾಗ ಖಂಡಿತ ನೋಡಿ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹುಟ್ಟಿದ್ದು 1906ರಲ್ಲಿ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರು. ಅದಕ್ಕೂ ಮೊದಲೇ ಕೊರಿಯಾದಲ್ಲಿ ಒಂದು ದೊಡ್ಡ ಜವಾಬ್ದಾರಿ ಹೊತ್ತಿದ್ದರು. 1953ರ ಜುಲೈನಲ್ಲಿ ಅಲ್ಲಿ ಕದನವಿರಾಮ ಆಯಿತು. ಆದರೆ ತಾಯ್ನಾಡಿಗೆ ಹೋಗಲ್ಲ ಅಂದ ಯುದ್ಧಕೈದಿಗಳು 22 ಸಾವಿರಕ್ಕೂ ಜಾಸ್ತಿ ಇದ್ದರು. ಅವರನ್ನು ಏನು ಮಾಡುವುದು? ಇದಕ್ಕೆಂದೇ ಐದು ದೇಶಗಳ ಆಯೋಗ ಆಯಿತು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಭಾರತ. ಅಧ್ಯಕ್ಷರು ತಿಮ್ಮಯ್ಯ. ಎರಡೂ ಪಕ್ಷ ಬೈಯುತ್ತಿದ್ದ ಜಾಗದಲ್ಲಿ ಕೂತು ಕೆಲಸ ಮಾಡಿದವರು ಅವರು.

ಸೈಪ್ರಸ್‌ಗೆ ಹೋಗಿದ್ದು 1964ರ ಜುಲೈನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ. ಅವರಿಗಿಂತ ಮೊದಲು ಅಲ್ಲಿ ಪಡೆಯ ಮುಖ್ಯಸ್ಥರಾಗಿದ್ದವರೂ ಭಾರತೀಯರೇ, ಲೆಫ್ಟಿನೆಂಟ್ ಜನರಲ್ ಗ್ಯಾನಿ. ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ನಮ್ಮ ತಂದೆಯ ಹಳೇ ಆಲ್ಬಂನಲ್ಲಿ ಅದೊಂದು ಇದೆ. ಬೇರೆ ದೇಶದವರು ನಮ್ಮ ಊರಿನವರ ಮುಖವನ್ನು ಚೀಟಿಗೆ ಹಾಕಿದ್ದಾರೆ ಅಂತ ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು.

ನೇರಮಾತು:
ತಿಮ್ಮಯ್ಯನವರ ಬಗ್ಗೆ ನನಗೂ ತುಂಬಾ ಗೌರವ ಇದೆ. ಆದರೆ ಯಾಯಾ ಕೇಳಿದ್ದು ಅವರ ಬಗ್ಗೆ ಅಲ್ಲ, ಸಂಸ್ಥೆಯ ಬಗ್ಗೆ.

ಸೈಪ್ರಸ್‌ಗೆ ಶಾಂತಿಪಡೆ ಕಳಿಸುವ 186ನೇ ನಿರ್ಣಯ ಆಗಿದ್ದು 1964ರ ಮಾರ್ಚ್ 4ರಂದು. ಮೊದಲು ಕೊಟ್ಟ ಅವಧಿ ಮೂರು ತಿಂಗಳು. ಆ ಮೂರು ತಿಂಗಳು ಅರವತ್ತು ವರ್ಷ ದಾಟಿತು. ಮಧ್ಯದಲ್ಲಿ 1974ರಲ್ಲಿ ಗ್ರೀಸ್‌ನ ಸೇನಾ ಆಡಳಿತದ ಬೆಂಬಲದಿಂದ ದಂಗೆ ಆಯಿತು, ಐದೇ ದಿನಕ್ಕೆ ಟರ್ಕಿ ಸೇನೆ ಬಂದಿಳಿಯಿತು. ದ್ವೀಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದರ ಕೈಗೆ ಹೋಯಿತು. ಶಾಂತಿಪಡೆ ಅಲ್ಲೇ ಇತ್ತಲ್ವಾ? ಏನು ತಡೆಯಿತು?

ಇದು ಸೈಪ್ರಸ್ ಒಂದರ ಕಥೆಯಲ್ಲ. 1994ರ ಏಪ್ರಿಲ್‌ನಲ್ಲಿ ರುವಾಂಡಾದಲ್ಲಿ ಕೊಲೆಗಳು ಶುರುವಾದಾಗ ಅಲ್ಲಿ ವಿಶ್ವಸಂಸ್ಥೆಯ ಸುಮಾರು 2,500 ಜನ ಇದ್ದರು. ಕೊಲೆ ನಡೆಯುತ್ತಿರುವಾಗಲೇ ಆ ಸಂಖ್ಯೆಯನ್ನು 270ಕ್ಕೆ ಇಳಿಸಲು ಭದ್ರತಾ ಮಂಡಳಿ ತೀರ್ಮಾನ ಮಾಡಿತು. ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಹೋದರು. ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿಕಾ. ಅದು ವಿಶ್ವಸಂಸ್ಥೆಯೇ 'ಸುರಕ್ಷಿತ ಪ್ರದೇಶ' ಅಂತ ಘೋಷಿಸಿದ್ದ ಊರು. ಅಲ್ಲಿ 8 ಸಾವಿರಕ್ಕೂ ಹೆಚ್ಚು ಗಂಡಸರನ್ನು, ಹುಡುಗರನ್ನು ಕೊಂದರು. 2010ರಲ್ಲಿ ಹೈಟಿ. ಶಾಂತಿಪಡೆಯ ಶಿಬಿರದ ಹೊಲಸು ನದಿಗೆ ಸೇರಿ ಕಾಲರಾ ಹಬ್ಬಿತು. ಸುಮಾರು 10 ಸಾವಿರ ಜನ ಸತ್ತರು. ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಬಾನ್ ಕಿ-ಮೂನ್ ಅವರ ಕ್ಷಮೆಯ ಮಾತು ಬಂದಿದ್ದು 2016ರಲ್ಲಿ.

ಕಾಯಲು ಬಂದವರಿಂದಲೇ ಜನ ಸತ್ತರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು? ಸಿಟ್ಟಿನಿಂದ ಕೇಳುತ್ತಿಲ್ಲ, ನೋವಿನಿಂದ ಕೇಳುತ್ತಿದ್ದೇನೆ.

ಮಾಜಿ ಹವಾಲ್ದಾರ್:
ನೇರಮಾತು ಸರ್, ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಆ ನೀಲಿ ಟೋಪಿ ಹಾಕಿಕೊಂಡಿದ್ದವನಾಗಿ ಒಪ್ಪಿಕೊಳ್ಳುತ್ತೇನೆ. ನಾನು ದಕ್ಷಿಣ ಲೆಬನಾನ್‌ನಲ್ಲಿದ್ದೆ. ಅಲ್ಲಿ 1998ರಿಂದ ಭಾರತದ ಬೆಟಾಲಿಯನ್ ಇದೆ.

ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಹೇಳುತ್ತೇನೆ. ಶಾಂತಿಪಡೆ ಯುದ್ಧಕ್ಕೆ ಹೋದ ಸೇನೆ ಅಲ್ಲ. ಎಷ್ಟು ಜನ ಇರಬೇಕು, ಯಾವಾಗ ಗುಂಡು ಹಾರಿಸಬಹುದು, ಎಲ್ಲ ನ್ಯೂಯಾರ್ಕಿನಿಂದ ಬರೆದು ಬರುತ್ತದೆ. ಭದ್ರತಾ ಮಂಡಳಿಯಲ್ಲಿ ಐದು ದೇಶಕ್ಕೆ ವಿಟೋ, ಅಂದರೆ ನಿರ್ಣಯವನ್ನು ತಡೆಯುವ ಅಧಿಕಾರ, ಇದೆ. ಅವರು ಒಪ್ಪಿದಷ್ಟೇ ನಮ್ಮ ಕೈಗೆ ಸಿಗುವುದು. ರುವಾಂಡಾದಲ್ಲಿ ಹೋಗಿ ಅಂದಾಗಲೂ ಘಾನಾ ದೇಶದ ಸೈನಿಕರು ಉಳಿದರು. ಆ ಕೆಲವೇ ಜನ ಸ್ಟೇಡಿಯಂ, ಹೋಟೆಲುಗಳಲ್ಲಿ ಅಡಗಿದ್ದ ಸಾವಿರಾರು ಜನರನ್ನು ಉಳಿಸಿದರು. ಕೆಲವೇ ಜನರಿಂದ ಅಷ್ಟಾದರೆ, 5 ಸಾವಿರ ಜನ ಇದ್ದಿದ್ದರೆ? ಇದನ್ನು ನೆನೆದರೆ ಈಗಲೂ ನನಗೆ ಸಂಕಟ ಆಗುತ್ತದೆ.

ಇನ್ನು ದಿನದ ಕೆಲಸ ಏನು? ಒಂದು ಗುಡ್ಡ, ಮೇಲೆ ಒಂದು ಪೋಸ್ಟ್, ಒಂದು ಬೈನಾಕ್ಯುಲರ್, ಒಂದು ದಪ್ಪ ರಿಜಿಸ್ಟರ್. ಕಣ್ಣಿಗೆ ಕಂಡದ್ದನ್ನೆಲ್ಲ ಟೈಮ್ ಸಮೇತ ಬರೆಯುವುದು. ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರ್ ಹೋಯಿತು. ಮೂರು ಜನ ಬೇಲಿ ಹತ್ತಿರ ನಿಂತರು, ಹತ್ತು ನಿಮಿಷ ಆದ ಮೇಲೆ ಹೋದರು. ಸುಮ್ನೆ ಬರೆಯುವುದು ಅನ್ನಿಸಬಹುದು. ಆದರೆ ಒಂದು ದಿನ ಕುರುಬನೊಬ್ಬನ ಕುರಿಗಳು ಇಸ್ರೇಲ್ ಕಡೆಯ ಗಡಿ ಗೆರೆ ದಾಟಿಬಿಟ್ಟವು, ಅವನೂ ಹಿಂದೆ ಓಡಿದ. ಆ ಕಡೆಯವರು ಕೋವಿ ಎತ್ತಿದರು. ನಮ್ಮ ಪೋಸ್ಟಿನಿಂದ ಕರೆ ಹೋಯಿತು, 'ಅವನು ಕುರಿ ಕಾಯುವವನು, ದಿನಾ ನೋಡುತ್ತೇವೆ, ಕೈಯಲ್ಲಿ ಕೋಲು ಬಿಟ್ಟರೆ ಏನಿಲ್ಲ'. ಅಲ್ಲಿಗೆ ಮುಗಿಯಿತು. ಯಾವ ಪೇಪರಿನಲ್ಲೂ ಬರಲಿಲ್ಲ. ಒಂದು ಜೀವ ಮನೆಗೆ ಹೋಯಿತು.

ನಮ್ಮ ಬೆಟಾಲಿಯನ್ ಜೊತೆ ಪಶುವೈದ್ಯರೂ ಇರುತ್ತಿದ್ದರು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹಳ್ಳಿಯವರು ಆಡಿನ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದರು. ಒಬ್ಬ ಮುದುಕರು ಹೆರಿಗೆ ಕಷ್ಟವಾಗಿದ್ದ ಹಸುವಿಗಾಗಿ ರಾತ್ರಿ ಬಂದು ಗೇಟು ಬಡಿದರು. ಡಾಕ್ಟರ್ ಸಾಹೇಬರ ಜೊತೆ ಟಾರ್ಚ್ ಹಿಡಿಯಲು ನಾನೇ ಹೋಗಿದ್ದೆ. ಕರು ಎದ್ದು ನಿಂತಾಗ ಆ ಮುದುಕರು ನನ್ನ ಹಣೆಗೆ ಮುತ್ತು ಕೊಟ್ಟರು. ಆ ಹಳ್ಳಿಯಲ್ಲಿ ಆಮೇಲೆ ನಮ್ಮ ಗಾಡಿಯನ್ನು ಯಾರೂ ಅನುಮಾನದಿಂದ ನೋಡಲಿಲ್ಲ.

ಈಗ ಆ ಪಡೆಯನ್ನೇ 2026ರ ಕೊನೆಗೆ ನಿಲ್ಲಿಸುವ ತೀರ್ಮಾನ ಆಗಿದೆ. ಆ ಹಳ್ಳಿಗಳ ಮುಖಗಳು ಕಣ್ಣ ಮುಂದೆ ಬರುತ್ತವೆ.

ಲೆಕ್ಕದ ಪುಟ:
ಖರ್ಚಿನ ಮಾತು ಯಾರಾದರೂ ಎತ್ತುವ ಮುಂಚೆ ಒಂದು ಲೆಕ್ಕ. 2024ರಲ್ಲಿ ಜಗತ್ತಿನ ಎಲ್ಲ ದೇಶಗಳ ಸೇನಾ ಖರ್ಚು ಸುಮಾರು 2.7 ಲಕ್ಷ ಕೋಟಿ ಡಾಲರ್. ವಿಶ್ವಸಂಸ್ಥೆಯ ಶಾಂತಿಪಡೆಗಳ 2024–25ರ ಬಜೆಟ್ ಸುಮಾರು 560 ಕೋಟಿ ಡಾಲರ್. ಸೇನೆಗಳಿಗೆ ಸಾವಿರ ರೂಪಾಯಿ ಹೋದರೆ ಶಾಂತಿಪಡೆಗೆ ಬರುವುದು ಎರಡು ರೂಪಾಯಿ. ಎರಡು ರೂಪಾಯಿ ಕೊಟ್ಟು ಅದರಿಂದ ಸಾವಿರ ರೂಪಾಯಿಯ ಕೆಲಸ ಕೇಳುತ್ತಿದ್ದೇವೆ.

ನೇರಮಾತು:
ಹವಾಲ್ದಾರ್ ಸರ್, ಕುರುಬನ ವಿಷಯ ಓದಿ ಸುಮ್ಮನೆ ಕೂತೆ. ನಿಮ್ಮಂಥವರ ಮೇಲೆ ನನ್ನ ದೂರಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಡುವೆ ಯಾರೋ ನಿಂತಿದ್ದಾರೆ ಅಂತಾದರೆ ನಾಯಕರಿಗೆ ರಾಜಿ ಮಾಡಿಕೊಳ್ಳುವ ಅವಸರವೇ ಇರುವುದಿಲ್ಲ. ಸೈಪ್ರಸ್‌ನಲ್ಲಿ 2004ರಲ್ಲಿ ದ್ವೀಪವನ್ನು ಮತ್ತೆ ಒಂದು ಮಾಡುವ, ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಕೋಫಿ ಅನ್ನಾನ್ ಅವರ ಯೋಜನೆಯನ್ನು ಜನರ ಮತಕ್ಕೆ ಇಟ್ಟರು. ಟರ್ಕಿ ಭಾಷೆಯ ಕಡೆ ಸುಮಾರು 65% ಜನ ಬೇಕು ಅಂದರು, ಗ್ರೀಕ್ ಕಡೆ ಸುಮಾರು 76% ಬೇಡ ಅಂದರು. 2017ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮತ್ತೆ ಮಾತುಕತೆ ನಡೆದು ಮುರಿದುಬಿತ್ತು. ಗಾಯ ಮಾಯುತ್ತಿಲ್ಲ, ಪಟ್ಟಿ ಮಾತ್ರ ಬದಲಾಗುತ್ತಿದೆ.

ಧಾರವಾಡ ಮೇಷ್ಟ್ರು:
ತಡವಾಗಿ ಬಂದೆ, ಕ್ಷಮಿಸಿ. ಇತಿಹಾಸ ಪಾಠ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ನೇರಮಾತು ಅವರ ಪ್ರಶ್ನೆ ಸರಿಯಾದ ಪ್ರಶ್ನೆ. ಆದರೆ ನಾವು ಎರಡು ಕೆಲಸವನ್ನು ಒಂದೇ ಅಂದುಕೊಳ್ಳುತ್ತಿದ್ದೇವೆ. ಜಗಳ ಬಿಡಿಸುವುದು ಒಂದು, ಜಗಳಾಡಿದವರನ್ನು ಮತ್ತೆ ಒಂದೇ ಮನೆಯಲ್ಲಿ ಕೂರಿಸುವುದು ಇನ್ನೊಂದು. ಮೊದಲನೆಯದನ್ನು ಶಾಂತಿಪಡೆ ಮಾಡಬಹುದು. ಎರಡನೆಯದನ್ನು ಅಲ್ಲಿನ ಜನವೇ ಮಾಡಬೇಕು.

ಸೈಪ್ರಸ್‌ನ ಆ ಗೆರೆ ಹುಟ್ಟಿದ್ದು 1963ರ ಡಿಸೆಂಬರ್ ಕೊನೆಯಲ್ಲಿ. ರಾಜಧಾನಿ ನಿಕೋಸಿಯಾದಲ್ಲಿ ಗ್ರೀಕ್ ಮತ್ತು ಟರ್ಕಿ ಭಾಷೆಯ ಎರಡು ಸಮುದಾಯಗಳ ನಡುವೆ ಹೊಡೆದಾಟ ಆದಾಗ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದರು. ಅದಕ್ಕೇ 'ಹಸಿರು ಗೆರೆ' ಅಂತ ಹೆಸರು. 1974ರ ಮೇಲೆ ಅದು ಇಡೀ ದ್ವೀಪವನ್ನು ಸೀಳಿತು. ಉದ್ದ ಸುಮಾರು 180 ಕಿ.ಮೀ. ಕೆಲವು ಕಡೆ ಅಗಲ ಏಳು ಕಿ.ಮೀ., ನಿಕೋಸಿಯಾದ ಹಳೇ ಓಣಿಗಳಲ್ಲಿ ಕೆಲವೇ ಮೀಟರ್.

1974ರಲ್ಲಿ ಶಾಂತಿಪಡೆ ಯುದ್ಧ ತಡೆಯಲಿಲ್ಲ, ನಿಜ. ತಡೆಯುವ ಬಲವೇ ಅದಕ್ಕಿರಲಿಲ್ಲ. ಆಗ ಮುಖ್ಯಸ್ಥರಾಗಿದ್ದವರೂ ಭಾರತೀಯರು, ದಿವಾನ್ ಪ್ರೇಮ್ ಚಂದ್. ನಿಕೋಸಿಯಾ ವಿಮಾನ ನಿಲ್ದಾಣಕ್ಕಾಗಿ ಎರಡೂ ಕಡೆಯವರು ಮುಗಿಬಿದ್ದಾಗ ಅದನ್ನು ವಿಶ್ವಸಂಸ್ಥೆಯ ರಕ್ಷಿತ ಪ್ರದೇಶ ಅಂತ ಘೋಷಿಸಿ ಪಡೆ ಅಲ್ಲೇ ನಿಂತಿತು. ಇಂದಿಗೂ ಅದು ಯಾರ ಕೈಗೂ ಹೋಗಿಲ್ಲ. ಹಳೇ ವಿಮಾನವೊಂದು ಅಲ್ಲೇ ಹಾಳುಬಿದ್ದಿದೆ.

ಆಮೇಲೆ? 1996ರಲ್ಲಿ ದೆರಿನಿಯಾದಲ್ಲಿ ಪ್ರತಿಭಟನೆಯ ವೇಳೆ ಇಬ್ಬರು ಸತ್ತರು. 2023ರ ಆಗಸ್ಟ್‌ನಲ್ಲಿ ಪೀಲಾ ಊರಿನ ಹತ್ತಿರ ರಸ್ತೆ ಕೆಲಸ ತಡೆಯಲು ಹೋದ ಶಾಂತಿಪಡೆಯವರ ಮೇಲೆ ಕೈ ಮಾಡಿದರು. ಆದರೆ 1974ರ ನಂತರ ಆ ದ್ವೀಪ ಮತ್ತೆ ಯುದ್ಧ ಕಂಡಿಲ್ಲ. ಆಗ ಹುಟ್ಟಿದ ಮಗುವಿಗೆ ಈಗ ಐವತ್ತು ದಾಟಿದೆ. ಅದನ್ನು ಪಟ್ಟಿ ಅನ್ನಿ, ಏನಾದರೂ ಅನ್ನಿ. ರಕ್ತ ನಿಂತಿದೆ.

ಪಡೆಯ ಖರ್ಚಿನಲ್ಲಿ ಮೂರನೇ ಒಂದು ಭಾಗವನ್ನು ಸೈಪ್ರಸ್ ಸರ್ಕಾರವೇ ಕೊಡುತ್ತದೆ. ಬೇಡವಾದ ಅತಿಥಿಗೆ ಯಾರೂ ಹಾಗೆ ಊಟ ಹಾಕಲ್ಲ ಅಲ್ವಾ?

ಕೊಡಗಿನ ಮಳೆ:
ಮೇಷ್ಟ್ರೇ, ಮೂವರು ಭಾರತೀಯರು ಒಂದೇ ಪಡೆಗೆ ಮುಖ್ಯಸ್ಥರಾಗಿದ್ದರು ಅನ್ನೋದು ನನಗೆ ಇವತ್ತೇ ಗೊತ್ತಾಗಿದ್ದು.

ಪೈಪ್‌ಲೈನ್:
ನಾನು ಒಳಚರಂಡಿ ಇಂಜಿನಿಯರ್. ಹೈಟಿಯ ಕಾಲರಾ ವಿಷಯ ಓದಿ ಹೊಟ್ಟೆ ಕಿವುಚಿತು. ಒಂದು ಶಿಬಿರದ ಹೊಲಸು ನೀರನ್ನು ಸರಿಯಾಗಿ ಗುಂಡಿಗೆ ಬಿಟ್ಟಿದ್ದರೆ ಸಾಕಿತ್ತು. ನಮ್ಮ ಕೆಲಸದಲ್ಲಿ ಇದು ಮೊದಲ ಪಾಠ.

ಆದರೆ ಸೈಪ್ರಸ್ ಅಂದಾಗ ನನಗೆ ಮೊದಲು ನೆನಪಾಗುವುದು ನಿಕೋಸಿಯಾದ ಚರಂಡಿ. ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ.

ಕೊಳಚೆ ನೀರಿಗೆ ಗಡಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇಳಿಜಾರು ಮಾತ್ರ. ನಿಕೋಸಿಯಾದಲ್ಲಿ ಇಳಿಜಾರು ಈಶಾನ್ಯಕ್ಕೆ, ಪೆಡಿಯೋಸ್ ಹೊಳೆ ಹರಿಯುವ ದಿಕ್ಕಿಗೆ. ಇಡೀ ಊರಿಗೆ ಒಂದೇ ಒಳಚರಂಡಿ ಅಂತ ಕೆಲಸ ಶುರುವಾಗಿತ್ತು. 1974ರಲ್ಲಿ ಊರು ಎರಡಾಯಿತು. ಶುದ್ಧೀಕರಣ ಘಟಕದ ಜಾಗ ಉತ್ತರದವರ ಕೈಗೆ ಹೋಯಿತು. ಪೈಪಿನ ತಲೆ ದಕ್ಷಿಣದಲ್ಲಿ, ಬಾಲ ಉತ್ತರದಲ್ಲಿ. ಯಾರೂ ಮಾತಾಡದೆ ಕೂತರೆ ದಕ್ಷಿಣದ ಹೊಲಸು ಎಲ್ಲಿಗೆ ಹೋಗಬೇಕು? ಉತ್ತರದವರ ಮನೆ ಬಾಗಿಲಿಗೆ.

1978ರಲ್ಲಿ ಎರಡೂ ಕಡೆಯ ಮೇಯರ್‌ಗಳು ಎದುರು ಬದುರು ಕೂತರು. ದಕ್ಷಿಣದ ಲೆಲ್ಲೋಸ್ ದಿಮಿತ್ರಿಯಾದಿಸ್, ಉತ್ತರದ ಮುಸ್ತಫಾ ಅಕಿಂಜಿ. ದೊಡ್ಡ ನಾಯಕರು ಒಬ್ಬರ ಮುಖ ಒಬ್ಬರು ನೋಡದ ಕಾಲ ಅದು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ನಡುವೆ ನಿಂತರು. ತಜ್ಞರನ್ನು ಕೊಟ್ಟರು, ಕೂರಲು ಇಬ್ಬರದ್ದೂ ಅಲ್ಲದ ಜಾಗ ಕೊಟ್ಟರು. ಪೈಪುಗಳು ಕೂಡಿದವು, ಘಟಕ ನಡೆಯಿತು. ಅಲ್ಲಿಂದಲೇ ಇಬ್ಭಾಗವಾದ ಊರಿಗೆ ಒಂದೇ 'ನಿಕೋಸಿಯಾ ಮಾಸ್ಟರ್ ಪ್ಲಾನ್' ಹುಟ್ಟಿತು. ಹಳೇ ಘಟಕ ಸಾಲದಾದಾಗ ಯೂರೋಪಿಯನ್ ಯೂನಿಯನ್ ಮತ್ತು ಅಲ್ಲಿನ ಒಳಚರಂಡಿ ಮಂಡಳಿ ದುಡ್ಡು ಹಾಕಿ ಹೊಸದು ಕಟ್ಟಿದರು. ಈಗಲೂ ಎರಡೂ ಕಡೆಯ ಕೊಳಚೆ ಒಂದೇ ಕಡೆ ಶುದ್ಧವಾಗುತ್ತದೆ.

ಎರಡು ವಾರ್ಡುಗಳ ಕಾರ್ಪೊರೇಟರುಗಳನ್ನು ಒಂದು ಮ್ಯಾನ್‌ಹೋಲ್ ವಿಷಯಕ್ಕೆ ಒಪ್ಪಿಸುವುದು ಎಷ್ಟು ಕಷ್ಟ ಅಂತ ನಾನು ದಿನಾ ನೋಡುತ್ತೇನೆ. ಯುದ್ಧವಾಗಿ ನಾಲ್ಕು ವರ್ಷಕ್ಕೆ, ತಮ್ಮವರನ್ನು ಕಳೆದುಕೊಂಡ ಮನೆಗಳಿದ್ದ ಊರಿನಲ್ಲಿ ಇದಾಯಿತು ಅಂದರೆ ನನಗೆ ಅದು ದೊಡ್ಡ ಶಾಂತಿ ಒಪ್ಪಂದ. ಆ ಅಕಿಂಜಿ ಅವರೇ ಮುಂದೆ 2015ರಲ್ಲಿ ಉತ್ತರದ ನಾಯಕರಾಗಿ ಮಾತುಕತೆಗೆ ಕೂತರು.

ನೇರಮಾತು:
ಇದು ನನಗೆ ಗೊತ್ತಿರಲಿಲ್ಲ. ಯೋಚನೆ ಮಾಡುವ ಹಾಗಾಯಿತು. ದೊಡ್ಡ ಒಪ್ಪಂದ ಆಗದಿದ್ದರೂ ಪೈಪು ಸೇರಬಹುದು ಅಂತಾಯಿತು. ಆದರೂ ಯಾಯಾ ಅವರ ಅಣ್ಣನ ಪ್ರಶ್ನೆಗೆ ಪೈಪು ಉತ್ತರ ಅಲ್ಲ ಸರ್.

ಧಾರವಾಡ ಮೇಷ್ಟ್ರು:
ಅಲ್ಲ. ಅದಕ್ಕೆ ಬೇರೆಯೇ ಒಂದು ಸಮಿತಿ ಇದೆ. ಸಮುದ್ರದಾಚೆ ಅವರೇ, ಇದನ್ನು ಯಾಯಾ ಹತ್ತಿರ ಕೇಳುವ ಮುಂಚೆ ಸ್ವಲ್ಪ ನೋಡಿಕೊಂಡು ಕೇಳಿ, ನೋಯುವ ವಿಷಯ.

1981ರಲ್ಲಿ ಕಾಣೆಯಾದವರ ಸಮಿತಿ ಆಯಿತು. ಅದರಲ್ಲಿ ಮೂರೇ ಸದಸ್ಯರು. ಒಬ್ಬರು ಗ್ರೀಕ್ ಕಡೆಯವರು, ಒಬ್ಬರು ಟರ್ಕಿ ಭಾಷೆಯ ಕಡೆಯವರು, ಮೂರನೆಯವರನ್ನು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಆರಿಸಿ ವಿಶ್ವಸಂಸ್ಥೆ ನೇಮಿಸುತ್ತದೆ. ಪಟ್ಟಿಯಲ್ಲಿ 2,002 ಹೆಸರು. 1,510 ಗ್ರೀಕ್ ಸೈಪ್ರಸ್‌ನವರು, 492 ಟರ್ಕಿ ಸೈಪ್ರಸ್‌ನವರು. ದುಃಖ ಎರಡೂ ಕಡೆ ಇದೆ ಅನ್ನುವುದಕ್ಕೆ ಅದೊಂದೇ ಪಟ್ಟಿ ಸಾಕು. ಮೊದಲ ಇಪ್ಪತ್ತೈದು ವರ್ಷ ಕೆಲಸ ಮುಂದೆ ಹೋಗಲೇ ಇಲ್ಲ. ಇದನ್ನೂ ಹೇಳಬೇಕು. 2006ರಿಂದ ಅಗೆಯುವ ಕೆಲಸ ಗಟ್ಟಿಯಾಗಿ ನಡೆಯಿತು. ಈವರೆಗೆ ಸಾವಿರಕ್ಕೂ ಹೆಚ್ಚು ಜನರ ಗುರುತು ಸಿಕ್ಕಿದೆ.

ಅವರ ಪ್ರಯೋಗಾಲಯ ಇರುವುದು ನಾನು ಆಗಲೇ ಹೇಳಿದ ಆ ಹಳೇ ವಿಮಾನ ನಿಲ್ದಾಣದ ಪ್ರದೇಶದಲ್ಲೇ. ಎರಡೂ ಸಮುದಾಯದ ವಿಜ್ಞಾನಿಗಳು ಒಂದೇ ಮೇಜಿನ ಮೇಲೆ ಮೂಳೆಗಳನ್ನು ಜೋಡಿಸುತ್ತಾರೆ. ಸಮಿತಿ ಕಾರಣ ಹೇಳಲ್ಲ, ಯಾರು ಕೊಂದರು ಅನ್ನಲ್ಲ. ಮೂಳೆಯನ್ನು ಮನೆಯವರಿಗೆ ಒಪ್ಪಿಸುತ್ತದೆ, ಅಷ್ಟೇ. ಕೊಂದವರ ಹೆಸರು ಬರಬೇಕು ಅನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯ ಇದೆ. ಆದರೆ ಹೆಸರು ಕೇಳಿದರೆ ಜಾಗ ತೋರಿಸುವವರು ಬಾಯಿ ಬಿಡಲ್ಲ. ಆ ಕಾಲದ ಸಾಕ್ಷಿಗಳೂ ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಆದ್ದರಿಂದಲೇ ಅವಸರ.

ಮಾಜಿ ಹವಾಲ್ದಾರ್:
ಮೂಳೆ ಸಿಕ್ಕರೆ ಮಣ್ಣು ಕೊಡಬಹುದು. ಹಿಮದಲ್ಲಿ ಕಳೆದುಹೋದ ಜೊತೆಗಾರರ ಮನೆಗಳನ್ನು ನಾನು ನೋಡಿದ್ದೇನೆ. ಅದೆಷ್ಟು ದೊಡ್ಡ ವಿಷಯ ಅಂತ ಅವರಿಗೆ ಗೊತ್ತು.

ಸಮುದ್ರದಾಚೆ:
ಹತ್ತು ದಿನ ಬರೆಯಲಾಗಲಿಲ್ಲ. ಎಲ್ಲರಿಗೂ ಕೈ ಮುಗಿಯುತ್ತೇನೆ. ಎಲ್ಲವನ್ನೂ ಕೂತು ಎರಡು ಸಲ ಓದಿದೆ.

ಹೋದ ಭಾನುವಾರ ರಜೆ ಇತ್ತು. ಬಸ್ಸು ಹಿಡಿದು ನಿಕೋಸಿಯಾಗೆ ಹೋದೆ. ಲೆದ್ರಾ ಅನ್ನುವ ರಸ್ತೆ ಇದೆ, ಎರಡೂ ಕಡೆ ಬಟ್ಟೆ ಅಂಗಡಿ, ಐಸ್‌ಕ್ರೀಂ ಅಂಗಡಿ. ನಡೆಯುತ್ತಾ ಇದ್ದಂತೆ ಪೊಲೀಸರ ಸಣ್ಣ ಗೂಡು ಬರುತ್ತದೆ. 2008ರವರೆಗೆ ಅಲ್ಲಿ ದಾರಿಯೇ ಮುಚ್ಚಿತ್ತಂತೆ. ನನ್ನ ವೀಸಾ ತೊಂದರೆಯಾಗಬಾರದು ಅಂತ ನಾನು ದಾಟಲಿಲ್ಲ, ಈ ಕಡೆಯೇ ನಿಂತು ನೋಡಿದೆ. ಗೂಡಿನ ಪಕ್ಕದ ಓಣಿಯಲ್ಲಿ ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಅದರಾಚೆ ಮುರಿದ ಕಿಟಕಿಗಳ ಮನೆಗಳು, ಒಂದು ಮನೆಯ ಒಳಗಿಂದ ಅಂಜೂರದ ಗಿಡ ಹೊರಗೆ ಬೆಳೆದಿದೆ. ಅದೇ ಹೊತ್ತಿಗೆ ಶಾಲೆ ಹುಡುಗರು ಕೈಯಲ್ಲಿ ಐಸ್‌ಕ್ರೀಂ ಹಿಡಿದುಕೊಂಡು ಆ ಕಡೆಯಿಂದ ಈ ಕಡೆಗೆ ಗುರುತಿನ ಚೀಟಿ ತೋರಿಸಿ ಬಂದರು.

ಸಂಜೆ ಯಾಯಾಗೆ ಮೇಷ್ಟ್ರು ಹೇಳಿದ ಸಮಿತಿಯ ಬಗ್ಗೆ ಕೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು. ಅವರ ರಕ್ತದ ಮಾದರಿಯನ್ನು ಎಷ್ಟೋ ವರ್ಷದ ಹಿಂದೆ ತೆಗೆದುಕೊಂಡಿದ್ದಾರಂತೆ. ಕರೆ ಇನ್ನೂ ಬಂದಿಲ್ಲ. ಅದಕ್ಕೇ ಅವರು ಮನೆಯ ಲ್ಯಾಂಡ್‌ಲೈನ್ ತೆಗೆಸಲು ಬಿಡುತ್ತಿಲ್ಲ. ಮಗ ಎಷ್ಟು ಸಲ ಹೇಳಿದರೂ ಕೇಳಲ್ಲ ಯಾಕೆ ಅಂತ ನನಗೆ ಈಗ ಅರ್ಥವಾಯಿತು. ಆ ನಂಬರ್ ಕೊಟ್ಟಿರುವುದು ಆ ಸಮಿತಿಯವರಿಗೆ.

ಪಕ್ಕದ ಊರಿನ ಅವರ ಗೆಳತಿಗೆ ಗಂಡನ ಮೂಳೆ ಸಿಕ್ಕಿತಂತೆ. ಗೆಳತಿಯ ಜೊತೆ ಯಾಯಾನೂ ಹೋಗಿದ್ದರು. ಅಲ್ಲಿ ವಿವರಿಸಿ ಹೇಳಿದವರಲ್ಲಿ ಒಬ್ಬಳು ಟರ್ಕಿ ಭಾಷೆಯ ಹುಡುಗಿ. ಗೆಳತಿ ಅಳುವಾಗ ಆ ಹುಡುಗಿಯೂ ಕಣ್ಣೊರೆಸಿಕೊಂಡಳಂತೆ. "ಅವಳ ಮೇಲೆ ನನಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ" ಅಂದರು ಯಾಯಾ.

ಕೊಡಗಿನ ಮಳೆ ಅಣ್ಣ, ಆ ಅಂಚೆಚೀಟಿಯ ಫೋಟೋ ಕಳಿಸುತ್ತೀರಾ? ಯಾಯಾ ನೋಡಬೇಕಂತೆ. ಹೆಸರನ್ನು ನಾವು ಹೇಗೆ ಅನ್ನುತ್ತೇವೆ ಅಂತ ಕೇಳಿದರು, ತಿಮ್ಮಯ್ಯ ಅಂತ ಹೇಳಿಕೊಟ್ಟೆ.

ಕೊಡಗಿನ ಮಳೆ:
ಅಕ್ಕ, ಆಲ್ಬಂ ಅಟ್ಟದ ಮೇಲಿದೆ. ಮಳೆ ಸ್ವಲ್ಪ ಬಿಡಲಿ, ಬೆಳಕಿಗೆ ಹಿಡಿದು ಸರಿಯಾಗಿ ತೆಗೆದು ಕಳಿಸುತ್ತೇನೆ. ನಾಳೆ ಆಗದಿದ್ದರೆ ನಾಡಿದ್ದು.